ಹಳೆಯ ಹಕ್ಕಿ ಪತ್ರಿಕೆಗಳು ಕಪಾಟು ಬಿಟ್ಟು ಹೊರಡಲಿ

ಸಂಪಾದಕರಿಗೆ,

ಮಾನ್ಯರೇ,

ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣಬಣ್ಣ ಹೊಡೆಸುವ ದಿನಗಳಲ್ಲಿ ಅಟ್ಟದಿಂದ ಮೊದಲು ಕೆಳಗಿಳಿಯುವುದು ಹಳೆಯ ಪತ್ರಿಕೆಗಳ ಕಟ್ಟುಗಳು. ಸಂಜೆಯೊಳಗೆ ಅವು ರದ್ದಿ ಅಂಗಡಿಯ ತಕ್ಕಡಿ ಏರಿರುತ್ತವೆ. ದಿನಪತ್ರಿಕೆಗಳ ಮಟ್ಟಿಗೆ ಇದಕ್ಕೆ ನನ್ನ ಆಕ್ಷೇಪವಿಲ್ಲ, ತಾವು ಬೇಸರಿಸಬಾರದು. ಆದರೆ ಅದೇ ಕಟ್ಟಿನೊಳಗೆ ಹವ್ಯಾಸದ ಪತ್ರಿಕೆಗಳೂ ಸೇರಿಹೋಗುತ್ತವೆ. ಹಾಗೆ ಹೋಗದೆ ಉಳಿದವು ಸಂಗ್ರಹಕಾರರ ಉಕ್ಕಿನ ಬೀರುಗಳಲ್ಲಿ ಸಂಪುಟವಾರು ಜೋಡಿಸಲ್ಪಟ್ಟು, ನುಸಿಗುಳಿಗೆಯ ವಾಸನೆ ಹಿಡಿದು, ಯಾರ ಕಣ್ಣಿಗೂ ಬೀಳದೆ ಕುಳಿತಿರುತ್ತವೆ. ನಾನು ಬಲ್ಲ ಹವ್ಯಾಸವಾದ ಪಕ್ಷಿವೀಕ್ಷಣೆಯ ಪತ್ರಿಕೆಗಳ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಅವುಗಳನ್ನು ಮಾರುವುದೂ ಬೇಡ, ಬೀಗ ಹಾಕಿ ಇಡುವುದೂ ಬೇಡ, ಕಟ್ಟು ಬಿಚ್ಚಿ ಒಂದೊಂದೇ ಸಂಚಿಕೆಯನ್ನು ಹೊಸಬರ ಕೈಗೆ ಕೊಡೋಣ ಎಂಬುದು ನನ್ನ ವಿನಂತಿ.

ಮುಂಬಯಿಯಲ್ಲಿದ್ದ ಜಾಫರ್ ಫತೇಹಲಿ ಅವರು 1960ರಲ್ಲಿ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಎಂಬ ಪುಟ್ಟ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದಾಗ ಅದು ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದ ಕೆಲವೇ ಹಾಳೆಗಳದ್ದಾಗಿತ್ತು. ಮುಂದೆ ಫತೇಹಲಿಯವರು ಬೆಂಗಳೂರಿಗೆ ಬಂದು ನೆಲೆಸಿದರು, ಪತ್ರಿಕೆಯ ಪ್ರಕಟಣೆಯೂ ಬೆಂಗಳೂರಿಗೆ ಬಂತು, ಹೀಗಾಗಿ ಅದರ ಹಳೆಯ ಸಂಚಿಕೆಗಳು ಕರ್ನಾಟಕದ ಮನೆಗಳಲ್ಲಿ ಸಾಕಷ್ಟಿವೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1886ರಿಂದ ಹೊರತರುತ್ತಿರುವ ನಿಯತಕಾಲಿಕವಾಗಲಿ, ಪಕ್ಷಿತಜ್ಞ ಸಲೀಂ ಅಲಿಯವರು ಹಳೆಯ ಮೈಸೂರು ಸಂಸ್ಥಾನದಲ್ಲಿ 1939–40ರಲ್ಲಿ ನಡೆಸಿದ ಹಕ್ಕಿಗಳ ಸಮೀಕ್ಷೆಯ ವರದಿ ಅದರಲ್ಲಿ ಕಂತುಕಂತಾಗಿ ಬಂದ ಸಂಚಿಕೆಗಳಾಗಲಿ ವಿದ್ವತ್ತಿನ ತೂಕದವು. ಹೊಸಬರು ಅವುಗಳ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಫತೇಹಲಿಯವರ ಪತ್ರಿಕೆ ಹಾಗಲ್ಲ. ಅದರಲ್ಲಿ ಬರೆದವರು ಬ್ಯಾಂಕ್ ನೌಕರರು, ವೈದ್ಯರು, ತೋಟದ ಮಾಲೀಕರು, ಕಾಲೇಜು ವಿದ್ಯಾರ್ಥಿಗಳು, ನಿವೃತ್ತರು. ಮನೆಯ ಹಿತ್ತಲಿನಲ್ಲಿ ಸೂರಕ್ಕಿ ಗೂಡು ಕಟ್ಟಿದ್ದನ್ನೋ ಮಳೆ ನಿಂತ ಮೇಲೆ ಕೆರೆಗೆ ಯಾವ ಬಾತುಗಳು ಬಂದವು ಎಂಬುದನ್ನೋ ಅರ್ಧ ಪುಟದಲ್ಲಿ ಬರೆದು ಕಳಿಸುತ್ತಿದ್ದರು, ಅನುಮಾನವಿದ್ದರೆ ಅನುಮಾನವೆಂದೇ ಬರೆಯುತ್ತಿದ್ದರು, ಮುಂದಿನ ಸಂಚಿಕೆಗಳ ಓದುಗರ ಪತ್ರಗಳಲ್ಲಿ ಮತ್ತೊಬ್ಬರು ಅದನ್ನು ಒಪ್ಪುತ್ತಲೋ ಅಲ್ಲಗಳೆಯುತ್ತಲೋ ಉತ್ತರಿಸುತ್ತಿದ್ದರು. ಇಂಥ ಒಂದು ಸಂಚಿಕೆಯನ್ನು ಓದಿದವರಿಗೆ, ‘ಇಷ್ಟನ್ನು ನಾನೂ ನೋಡಬಲ್ಲೆ, ನಾನೂ ಬರೆಯಬಲ್ಲೆ’ ಎಂಬ ಧೈರ್ಯ ಬರುತ್ತದೆ. ಬಣ್ಣದ ಚಿತ್ರಗಳಿರುವ ಕೈಪಿಡಿ ಕೊಟ್ಟು ಈ ಧೈರ್ಯ ತುಂಬುವುದು ಕಷ್ಟ, ಏಕೆಂದರೆ ಕೈಪಿಡಿ ಬರೆದವರು ಎಲ್ಲವನ್ನೂ ಬಲ್ಲವರು.

ಈಗ ಮೊಬೈಲಿನ ಆ್ಯಪ್ ಹಕ್ಕಿಯ ಕೂಗು ಕೇಳಿಯೇ ಹೆಸರು ಹೇಳಿಬಿಡುವಾಗ ಹಳೆಯ ಕಾಗದ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಆ್ಯಪನ್ನು ನಾನೂ ಬಳಸುತ್ತೇನೆ, ಅದರ ಉಪಕಾರವನ್ನು ಅಲ್ಲಗಳೆಯುವುದಿಲ್ಲ. ಆದರೆ ಹೆಸರು ತಿಳಿದ ಮೇಲೆ ಮಾಡುವುದೇನು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ, ಹೆಚ್ಚಿನವರ ಆಸಕ್ತಿ ಬತ್ತಿಹೋಗುವುದೂ ಆ ಹಂತದಲ್ಲೇ. ಪಿಕಳಾರವನ್ನು (ಬುಲ್‌ಬುಲ್) ಪಿಕಳಾರವೆಂದು ಗುರುತಿಸಿದ್ದಾಯಿತು, ನಾಳೆ ಮತ್ತೆ ಅದನ್ನೇ ಏಕೆ ನೋಡಬೇಕು? ಒಂದೇ ಜೋಡಿ ಮಡಿವಾಳ ಹಕ್ಕಿಯನ್ನು ಇಡೀ ಬೇಸಿಗೆ ನೋಡುತ್ತಾ ಕುಳಿತವರ ಟಿಪ್ಪಣಿ ಓದಿದವರಿಗೆ ಈ ಪ್ರಶ್ನೆ ಏಳುವುದಿಲ್ಲ.

ನಮ್ಮ ಬಡಾವಣೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಯುವಕನಿಗೆ ನಾನು ಕಳೆದ ಬೇಸಿಗೆಯಲ್ಲಿ ಒಂದು ಸಂಚಿಕೆ ಕೊಟ್ಟಿದ್ದೆ. ಅಂಗಡಿಯ ಹಿಂದಿನ ಕಟ್ಟಡದ ತಾರಸಿಯ ಮೇಲೆ, ಉಳಿದುಹೋದ ಜಲ್ಲಿಯ ನಡುವೆ, ಟಿಟ್ಟಿಭವೊಂದು ಮೊಟ್ಟೆಯಿಟ್ಟಿದೆ ಎಂದು ಅವನೇ ಹೇಳಿದ್ದರಿಂದ ಓದುಗರ ಪತ್ರಗಳು ಹೆಚ್ಚಿರುವ ಸಂಚಿಕೆಯನ್ನು ಆರಿಸಿ ಕೊಟ್ಟೆ. ಮುಂದಿನ ಬಾರಿ ನಾನು ಮಾತ್ರೆ ತರಲು ಹೋದಾಗ ಅವನು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಹಳೆಯ ಬಿಲ್ಲುಗಳ ಕಟ್ಟೊಂದನ್ನು ತೆಗೆದ. ಬಿಲ್ಲುಗಳ ಹಿಂಬದಿಯಲ್ಲಿ ತಾರೀಖು, ಗಂಟೆ, ಬಿಸಿಲೋ ಮೋಡವೋ ಎಂಬುದು, ಯಾವ ಹೊತ್ತಿನಲ್ಲಿ ಹಕ್ಕಿ ಮೊಟ್ಟೆಯ ಮೇಲೆ ಕೂತಿತ್ತು, ಯಾವ ಹೊತ್ತಿನಲ್ಲಿ ಕೂರದೆ ಬರೀ ನೆರಳು ಕೊಡುತ್ತಾ ನಿಂತಿತ್ತು ಎಂಬುದೆಲ್ಲ ಸಾಲುಸಾಲಾಗಿತ್ತು. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಅದು ಎಲ್ಲಿಗೋ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ ಎಂಬುದನ್ನು ಅವನು ತಾನಾಗಿಯೇ ಕಂಡು ಬರೆದಿದ್ದ. ಇದು ಬಲ್ಲವರು ಹಿಂದೆಯೇ ದಾಖಲಿಸಿರುವ ಸಂಗತಿಯೇ ಹೌದು, ಆದರೆ ಅವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಂಥ ಟಿಪ್ಪಣಿ ಬರೆಯುವ ಕ್ರಮವನ್ನು ಅವನು ಕಲಿತದ್ದು ಪಿನ್ನು ತುಕ್ಕು ಹಿಡಿದ, ನಡುಪುಟ ಕಳಚಿದ ಆ ಸಂಚಿಕೆಯಿಂದ.

ಸಂಪುಟ ಒಡೆಯುವುದು ಅಪರಾಧವೆಂದು ನನ್ನ ಸ್ನೇಹಿತರಲ್ಲೇ ಕೆಲವರು ವಾದಿಸುತ್ತಾರೆ. ಒಂದು ಸಂಚಿಕೆ ಹೋದರೆ ಇಡೀ ಸಂಗ್ರಹದ ಬೆಲೆ ಹೋಯಿತು ಎಂಬ ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಫತೇಹಲಿಯವರ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಓದಲು ಇಡಲಾಗಿದೆ; ಬಾಂಬೆ ಸೊಸೈಟಿಯ ನಿಯತಕಾಲಿಕದ ಹಳೆಯ ಸಂಪುಟಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಜಾಲತಾಣದಲ್ಲಿ ಸಿಗುತ್ತವೆ. ಸಂಶೋಧಕರಿಗೆ ಬೇಕಾದದ್ದು ಅಲ್ಲಿದೆ. ಪೂರ್ಣ ಸಂಗ್ರಹ ಇರುವವರು ಅದನ್ನು ಇಡಿಯಾಗಿ ಉಳಿಸಿಕೊಳ್ಳಲಿ. ಆದರೆ ನಮ್ಮಲ್ಲಿ ಬಹುತೇಕರ ಬಳಿ ಇರುವುದು ಅಲ್ಲೊಂದು ಇಲ್ಲೊಂದು ವರ್ಷದ ಬಿಡಿ ಪ್ರತಿಗಳು, ಎರಡೆರಡು ಬಂದ ಪ್ರತಿಗಳು, ತೀರಿಕೊಂಡ ಸ್ನೇಹಿತರ ಮನೆಯವರು ‘ನೀವೇ ಇಟ್ಟುಕೊಳ್ಳಿ’ ಎಂದು ಕೊಟ್ಟ ಚೀಲಗಳು. ಇವುಗಳನ್ನು ಕಾಪಾಡುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಕೊಡುವುದಕ್ಕೂ ಒಂದು ಕ್ರಮ ಬೇಕು. ಇಡೀ ಕಟ್ಟನ್ನು ಒಮ್ಮೆಗೇ ಹೊರಿಸಿದರೆ ಪಡೆದವರು ಅದನ್ನು ತಮ್ಮ ಅಟ್ಟಕ್ಕೆ ಏರಿಸುತ್ತಾರೆ, ಅಷ್ಟೆ. ನಾನು ತಿಂಗಳು ನೋಡಿ ಕೊಡುತ್ತೇನೆ. ಗೀಜಗ ಗೂಡು ಹೆಣೆಯುವ ಮಳೆಗಾಲದಲ್ಲಿ ಹಳೆಯ ಜುಲೈ ಅಥವಾ ಆಗಸ್ಟ್ ಸಂಚಿಕೆ, ವಲಸೆ ಹಕ್ಕಿಗಳಾದ ಕುಂಡೆಕುಸ್ಕಗಳು ಬಯಲಿಗಿಳಿಯುವ ಹೊತ್ತಿಗೆ ಅಕ್ಟೋಬರ್ ಸಂಚಿಕೆ. ವರ್ಷ ಯಾವುದಾದರೂ ಆಗಲಿ, ಓದಿದ್ದನ್ನು ಅದೇ ವಾರ ಬೇಲಿಯ ಮೇಲೆ ನೋಡುವಂತಿರಬೇಕು. ಇಂಗ್ಲಿಷಿನ ತೊಡಕು ಇದ್ದೇ ಇದೆ. ಅದಕ್ಕಾಗಿ ಆ ಸಂಚಿಕೆಯಲ್ಲಿ ಬರುವ ಹಕ್ಕಿಗಳ ಕನ್ನಡ ಹೆಸರುಗಳನ್ನು (ಕಾಜಾಣ, ಕುಟ್ರು, ಚಂದ್ರಮುಕುಟ, ಮಿಂಚುಳ್ಳಿ, ನಮ್ಮ ಕಡೆ ಬೇರೆ ಹೆಸರಿದ್ದರೆ ಅದನ್ನೂ) ಒಂದು ಚೀಟಿಯಲ್ಲಿ ಬರೆದು ಒಳಗಿಟ್ಟು ಕೊಡುವುದು ಒಳ್ಳೆಯದು. ಮಕ್ಕಳಿಗಾದರೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ದ ಹಳೆಯ ಸಂಚಿಕೆಗಳಿಂದಲೇ ಆರಂಭಿಸಬಹುದು.

ಹಳೆಯದೆಲ್ಲ ಅನುಕರಣೀಯವಲ್ಲ ಎಂಬುದನ್ನೂ ಅದೇ ಚೀಟಿಯಲ್ಲಿ ಹೇಳಬೇಕು. ಗೂಡಿನ ಚಿತ್ರ ತೆಗೆಯಲು ಅಡ್ಡ ಬಂದ ರೆಂಬೆ ಸರಿಸುವುದು ಹಿಂದಿನವರಿಗೆ ದೊಡ್ಡ ತಪ್ಪಾಗಿ ಕಂಡಿರಲಿಲ್ಲ. ಇಂದು ಅದನ್ನು ಮಾಡಕೂಡದು, ಮಾಡಿದರೆ ಕಾಗೆಗೆ ದಾರಿ ತೋರಿಸಿದಂತೆ. ಹಲವು ಹಕ್ಕಿಗಳ ಇಂಗ್ಲಿಷ್ ಮತ್ತು ವೈಜ್ಞಾನಿಕ ಹೆಸರುಗಳೂ ಬದಲಾಗಿವೆ. ಇನ್ನೊಂದು ಬಗೆಯ ವ್ಯತ್ಯಾಸಕ್ಕೆ ಮಾತ್ರ ಟಿಪ್ಪಣಿ ಬರೆಯದೆ ಓದುಗರೇ ಕಂಡುಕೊಳ್ಳಲೆಂದು ನಾನು ಬಿಡುತ್ತೇನೆ. ಅರವತ್ತು, ಎಪ್ಪತ್ತರ ದಶಕಗಳ ಬರಹಗಳಲ್ಲಿ ರಣಹದ್ದು ವಿಶೇಷ ಸುದ್ದಿಯೇ ಅಲ್ಲ. ಅದು ಊರ ಹೊರಗೆ ಇದ್ದೇ ಇರುವ ಹಕ್ಕಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧಿ ಸತ್ತ ದನಗಳ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ ಅವುಗಳ ಸಂತತಿಯನ್ನು ಅಳಿವಿನಂಚಿಗೆ ತಳ್ಳಿದ ಮೇಲೆ 2006ರಲ್ಲಿ ಆ ಬಳಕೆಗೆ ನಿಷೇಧ ಬಂತು, 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು. ಈ ಕಥೆಯನ್ನು ಪಾಠದಲ್ಲಿ ಓದುವುದಕ್ಕೂ, ಹಳೆಯ ಪತ್ರಿಕೆಯ ಮೂಲೆಯೊಂದರಲ್ಲಿ ‘ಎಂದಿನಂತೆ ರಣಹದ್ದುಗಳಿದ್ದವು’ ಎಂಬಂಥ ಮಾತು ಎದುರಾಗಿ ಬೆಚ್ಚುವುದಕ್ಕೂ ವ್ಯತ್ಯಾಸವಿದೆ.

ಗ್ರಂಥಾಲಯಗಳ ಬಗ್ಗೆ ಒಂದು ಮಾತು. ನಾನು ಬಲ್ಲ ಒಂದು ಗ್ರಂಥಾಲಯಕ್ಕೆ ಕೆಲವು ವರ್ಷಗಳ ಸಂಚಿಕೆಗಳನ್ನು ಕೊಟ್ಟಾಗ ಅವರು ಅಚ್ಚುಕಟ್ಟಾಗಿ ರಟ್ಟು ಹಾಕಿಸಿ, ಪರಾಮರ್ಶನ ವಿಭಾಗದ ಗಾಜಿನ ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ರಜೆಯಲ್ಲಿರುವ ಸಿಬ್ಬಂದಿಯ ಬಳಿ ಬಿಟ್ಟರು. ಗೌರವದಿಂದಲೇ ಮಾಡಿದ್ದು, ಆದರೂ ಓದುವವರಿಗೆ ಎಟಕದಾಯಿತು. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಾದರೂ ಇಂಥವನ್ನು ರಟ್ಟು ಹಾಕದೆ, ದಿನಪತ್ರಿಕೆಗಳ ಮೇಜಿನ ಮೇಲೆಯೇ ಬಿಡಿಯಾಗಿ ಇಡುವುದಕ್ಕೆ ಸಂಬಂಧಪಟ್ಟವರು ಅನುವು ಮಾಡಿಕೊಡಬೇಕು. ಹರಿದರೆ ಹರಿಯಲಿ, ಯಾರಾದರೂ ಮನೆಗೆ ಒಯ್ದು ಮರಳಿ ತರದಿದ್ದರೆ ಅದು ಸರಿಯಾದ ಮನೆ ಸೇರಿತೆಂದು ಭಾವಿಸೋಣ.

ಬೆಂಗಳೂರಿನಲ್ಲಿ ಹೊಸಬರಿಗೆ ದಾರಿ ತೋರಿಸುವವರಿಗೆ ಕೊರತೆಯಿಲ್ಲ. ಅಲ್ಲಿನ ಪಕ್ಷಿವೀಕ್ಷಕರು ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್‌ನಲ್ಲಿ ಸೇರುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಆ ಅನುಕೂಲ ಎಲ್ಲ ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕುಗಳಲ್ಲಿ ಇಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ, ದೂರದೂರಿನವರು ಕ್ಯಾಮೆರಾ ಹಿಡಿದು ಅವುಗಳನ್ನು ನೋಡಲು ಹೋಗುತ್ತಾರೆ. ಈ ಬಾರಿ ಹೋಗುವವರು ತಮ್ಮ ಕಪಾಟಿನಲ್ಲಿರುವ ಹಳೆಯ ಚಳಿಗಾಲದ ಸಂಚಿಕೆಗಳಲ್ಲಿ ನಾಲ್ಕನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಶಿರಹಟ್ಟಿ ಅಥವಾ ಲಕ್ಷ್ಮೇಶ್ವರ ಕಡೆಯ ಯಾವುದಾದರೂ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಿಗೆ ಕೊಟ್ಟುಬರಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪಕ್ಷಿವೀಕ್ಷಣೆಯ ಪತ್ರಿಕೆಗಳ ಹಳೆಯ ಚಂದಾದಾರ, ಮೈಸೂರು