ಫ್ಯಾನು ನಕ್ಷೆಯಲ್ಲಿದೆ, ಗಾಳಿ ಮಾತ್ರ ಇಲ್ಲ

ಮಾನ್ಯ ನಗರಾಭಿವೃದ್ಧಿ ಸಚಿವರಿಗೆ ನಮಸ್ಕಾರ.

ನಾನು ಬೆಂಗಳೂರಿನ ಒಂದು ಗಾಜಿನ ಕಟ್ಟಡದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ತೆಗೆಯಲು ಬರುವ ಒಂದು ಕಿಟಕಿಯೂ ಇಲ್ಲ. ಮಧ್ಯಾಹ್ನದ ಮೀಟಿಂಗಿನಲ್ಲಿ ಎಲ್ಲರಿಗೂ ತೂಕಡಿಕೆ. ಊಟ ಜಾಸ್ತಿಯಾಯಿತು ಅಂತ ನಗುತ್ತಿದ್ದೆವು. ಒಂದು ದಿನ ಸುಮ್ನೆ ಕುತೂಹಲಕ್ಕೆ ಇಂಗಾಲದ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರ್ ತಂದು ಮೇಜಿನ ಮೇಲಿಟ್ಟೆ. ರಸ್ತೆಯಲ್ಲಿ 430 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 430 ಭಾಗ) ತೋರಿಸಿದ್ದು, ಎಂಟು ಜನ ಒಂದು ಗಂಟೆ ಕೂತ ಮೇಲೆ 2,100 ದಾಟಿತು.

ಅಷ್ಟಕ್ಕೇ ಆ ಅನಿಲ ವಿಷವಾಗುವುದಿಲ್ಲ, ನಿಜ. ಆದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದೇವೆ ಅಂತ ಆ ಅಂಕಿ ಹೇಳುತ್ತದೆ. ನೆಗಡಿ, ಫ್ಲೂ, ಕೋವಿಡ್ ಎಲ್ಲ ಆ ಉಸಿರಿನ ಮೂಲಕವೂ ಹರಡುತ್ತವೆ ಅಲ್ವಾ?

ಏಸಿ ಇದೆಯಲ್ಲ ಅಂತ ಅನೇಕರು ಕೇಳುತ್ತಾರೆ. ಸ್ಪ್ಲಿಟ್ ಏಸಿ ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಅಲ್ಲೇ ಬಿಡುತ್ತದೆ. ಹೊರಗಿನ ಗಾಳಿ ತರಲು ಬೇರೆ ಫ್ಯಾನು, ಬೇರೆ ಡಕ್ಟ್ ಬೇಕು. ಎಷ್ಟು ತರಬೇಕು ಅನ್ನುವುದಕ್ಕೆ ಅಮೆರಿಕದ ಆಶ್ರೇ (ಏಸಿ, ಗಾಳಿ ವ್ಯವಸ್ಥೆಯ ಎಂಜಿನಿಯರುಗಳ ಸಂಸ್ಥೆ) ತಂದ 62.1 ಮಾನದಂಡದಲ್ಲಿ ಲೆಕ್ಕವಿದೆ. ಆಫೀಸಿನಲ್ಲಿ ತಲೆಗೆ ನಿಮಿಷಕ್ಕೆ 5 ಘನ ಅಡಿ, ಜೊತೆಗೆ ಪ್ರತಿ ಚದರ ಅಡಿ ಜಾಗಕ್ಕೆ 0.06 ಘನ ಅಡಿ. ನಮ್ಮ 200 ಚದರ ಅಡಿಯ ಕೋಣೆಯಲ್ಲಿ ಎಂಟು ಜನರಿಗೆ ನಿಮಿಷಕ್ಕೆ 52 ಘನ ಅಡಿ ಆಯಿತು. ಇದು ಕನಿಷ್ಠ. ನಮಗೆ ಸಿಗುವುದು ಚಹಾ ತರುವವರು ಬಾಗಿಲು ತೆಗೆದಾಗ ನುಗ್ಗಿದಷ್ಟು.

ತಮಾಷೆ ಏನೆಂದರೆ, ನಮ್ಮ ಮಹಡಿಗೆ ತಾಜಾ ಗಾಳಿಯ ಫ್ಯಾನು ಇದೆ. ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅಂತ ಆಫ್ ಮಾಡಿಟ್ಟಿದ್ದಾರೆ. ಈ ಉಳಿತಾಯವೂ ಹೊಸದಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲೂ ಕಟ್ಟಡಗಳನ್ನು ಬಿಗಿಯಾಗಿ ಮುಚ್ಚಿದರು. ಅದೇ ಆಶ್ರೇಯ 1981ರ ಮಾನದಂಡ, ಸಿಗರೇಟು ಸೇದದ ಆಫೀಸಿಗೆ ತಲೆಗೆ 5 ಘನ ಅಡಿ ಸಾಕು ಅಂದಿತು. ಜನ ತಲೆನೋವು, ಕಣ್ಣುರಿ ಅನ್ನತೊಡಗಿದರು. 1989ರಲ್ಲಿ ಅದನ್ನೇ 20ಕ್ಕೆ ಏರಿಸಬೇಕಾಯಿತು. ತಲೆಯ ಜೊತೆ ಜಾಗವನ್ನೂ ಸೇರಿಸುವ, ನಾನು ಮೇಲೆ ಹೇಳಿದ ಲೆಕ್ಕ ಆಮೇಲೆ ಬಂದದ್ದು.

ನಮ್ಮಲ್ಲಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವಾತಾಯನದ, ಅಂದರೆ ಒಳಗೆ ಗಾಳಿಯಾಡುವುದರ ಬಗ್ಗೆ ಹೇಳುತ್ತದೆ. ಆದರೆ ಅದು ಬರೀ ಶಿಫಾರಸು. ರಾಜ್ಯ ತನ್ನ ಕಟ್ಟಡ ಬೈಲಾದಲ್ಲಿ ಸೇರಿಸಿಕೊಂಡರಷ್ಟೇ ಅದಕ್ಕೆ ಬಲ. ಸೇರಿಸಿದರೂ ನಕ್ಷೆ ನೋಡಿ ಸಹಿ ಹಾಕಿದರೆ ಸಾಲದು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಓಸಿ (ಕಟ್ಟಡ ಬಳಸಲು ಕೊಡುವ ಪ್ರಮಾಣಪತ್ರ) ಕೊಡುವ ಮೊದಲು ಫ್ಯಾನು ಓಡಿಸಿ, ಬರುವ ಗಾಳಿಯನ್ನು ಅಳೆಯಿರಿ. ಆಮೇಲೆ ವರ್ಷಕ್ಕೊಮ್ಮೆ ಮತ್ತೆ ಅಳೆಯಿರಿ. ಹೊರಗೆ ಹೊಗೆ, ಧೂಳು ಇದೆ ಅಂತ ಬಿಲ್ಡರ್‌ಗಳು ಹೇಳಬಹುದು; ಅದಕ್ಕೆ ಫಿಲ್ಟರ್ ಇದೆ. ಪ್ರತಿ ಮಹಡಿಯ ಗೋಡೆಗೂ, ಎಲ್ಲರಿಗೂ ಕಾಣುವಂತೆ, ಒಂದು ಮೀಟರ್ ಇರಲಿ. ಹೊಸ ಕಟ್ಟಡಗಳಲ್ಲಿ ನಾಲ್ಕು ಕಿಟಕಿಯಾದರೂ ತೆಗೆಯಲು ಬರಲಿ. ಬೆಂಗಳೂರಿನ ಹವೆಯನ್ನು ಗಾಜಿನಾಚೆಯಿಂದ ನೋಡುವುದೇ ನಮ್ಮ ಪಾಡಾಗಿದೆ.

ನನ್ನ ಮೀಟರನ್ನು ವಿಕಾಸಸೌಧಕ್ಕೆ ತರಲು ಸಿದ್ಧನಿದ್ದೇನೆ. ಬಾಗಿಲು ಮುಚ್ಚಿ ನಡೆಯುವ ನಿಮ್ಮ ಯಾವುದಾದರೂ ಒಂದು ಸಭೆಗೆ ಕರೆಯಿರಿ.

ಇಂತಿ,
ಬೆಂಗಳೂರಿನ ಒಬ್ಬ ಉದ್ಯೋಗಿ