ಪ್ರೌಢದೇವರಾಯನನ್ನು ಕಾಯುತ್ತಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಓದುಗನೇ ವಿಜಯನಗರದ ಅರಸ ಪ್ರೌಢದೇವರಾಯನ ಅಂಗರಕ್ಷಕನಾಗಿ ದಾರಿ ಆರಿಸಿಕೊಳ್ಳುವ ನಿನ್ನ ಕಥೆಯ ಕರಡನ್ನು ಕೊನೆಯವರೆಗೂ ಆಡಿದೆ. ಕೊಂಡಿ ಒತ್ತಿ ದಾರಿ ಆರಿಸುವ ಕಥೆಗಳನ್ನು ಕಟ್ಟುವ ತಂತ್ರಾಂಶವಾದ ಟ್ವೈನ್‌ನಲ್ಲಿ ಕನ್ನಡದ ಕಥೆಯೊಂದು ಇಷ್ಟು ಸಲೀಸಾಗಿ ಕವಲೊಡೆಯುವುದನ್ನು ಕಂಡು ನಿಜಕ್ಕೂ ಹಿಗ್ಗಿದೆ. ಆನೆಲಾಯದ ಪುಟದಲ್ಲಿ ನಮ್ಮ ಹಾಸ್ಟೆಲಿನ ‘ದಳವಾಯಿ’ಯನ್ನು ತಂದು ನಿಲ್ಲಿಸಿದ್ದೀಯಲ್ಲ, ಅವನನ್ನು ಯಾವ ಕಾರಣಕ್ಕೂ ತೆಗೆಯಬೇಡ.

ಆದರೆ ಆಟದ ಒಂದು ಲೆಕ್ಕ ನನ್ನನ್ನು ಕಾಡುತ್ತಿದೆ. ಯಾರನ್ನಾದರೂ ಅನುಮಾನಿಸಿದಾಗಲೆಲ್ಲ ‘ಎಚ್ಚರ’ದ ಅಂಕ ಏರುತ್ತದೆ, ಅರಸನ ಆಯುಸ್ಸು ಗಟ್ಟಿಯಾಗುತ್ತದೆ. ಅಡುಗೆಯವನು, ಚಾಮರ ಬೀಸುವವಳು, ಕುದುರೆ ಮಾರಲು ಬಂದ ಪರದೇಶಿ ಎಲ್ಲರನ್ನೂ ನಾನು ಸೆರೆಗೆ ತಳ್ಳಿದೆ. ಅಪಾಯ ಮಾತ್ರ ಬೇರೆ ಬಾಗಿಲಿನಿಂದ ಬಂತು.

ತೈಮೂರನ ಮಗ, ಪರ್ಷಿಯಾವನ್ನಾಳುತ್ತಿದ್ದ ಶಾರುಖ್‌ನ ರಾಯಭಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್, ತಾನಿನ್ನೂ ಕಲ್ಲಿಕೋಟೆಯಲ್ಲಿದ್ದಾಗ ನಡೆದ, ನಿನ್ನ ಕಥೆಗೆ ಆಧಾರವಾದ ಘಟನೆಯನ್ನು ದಾಖಲಿಸಿದ್ದಾನೆ. ಅರಸನ ಸೋದರ ಹೊಸ ಮನೆ ಕಟ್ಟಿಸಿ ಅರಸನನ್ನೂ ಪ್ರಮುಖರನ್ನೂ ಔತಣಕ್ಕೆ ಕರೆದ. ನಗಾರಿ, ಕಹಳೆಗಳ ಅಬ್ಬರದಲ್ಲಿ ಕೂಗು ಹೊರಗೆ ಕೇಳಿಸದಂತೆ, ಬಂದವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಕೊಲ್ಲಿಸಿದ. ಅರಮನೆಯ ಕಾವಲಿನವರನ್ನೂ ಅದೇ ಔತಣದ ನೆಪದಲ್ಲಿ ಮುಗಿಸಿ, ಎಲೆ-ಅಡಿಕೆಯ ತಟ್ಟೆಯಲ್ಲಿ ಕಠಾರಿ ಬಚ್ಚಿಟ್ಟುಕೊಂಡು ಅರಸನೆದುರು ಹೋದ. ಮೈಗೆ ಹುಷಾರಿಲ್ಲವೆಂದು ಅರಸ ಬರಲೊಪ್ಪದಿದ್ದಾಗ ಅಲ್ಲೇ ಇರಿದ. ಸತ್ತನೆಂದು ಬಗೆದು, ತಲೆ ಕಡಿಯಲು ಒಬ್ಬನನ್ನು ಬಿಟ್ಟು, ಇನ್ನು ತಾನೇ ಅರಸನೆಂದು ಸಾರಲು ಹೊರಗೆ ನಡೆದ. ಗಾಯಗೊಂಡಿದ್ದ ದೇವರಾಯ ಆ ಕೊಲೆಗಾರನನ್ನು ಕೆಡವಿದ್ದು, ಹೆದರಿ ಮೂಲೆಯಲ್ಲಿ ಅವಿತಿದ್ದ ಅಂಗರಕ್ಷಕನೊಬ್ಬನ ನೆರವಿನಿಂದ. (ಸುಮಾರು ನೂರು ವರ್ಷಗಳ ನಂತರ ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದ ವೃತ್ತಾಂತದಲ್ಲಿ ಕಠಾರಿಗೆ ವಿಷ ಸವರಿತ್ತು, ಅರಸ ಆರು ತಿಂಗಳಲ್ಲಿ ತೀರಿಕೊಂಡ. ನೀನು ಅದನ್ನು ಆರಿಸದಿದ್ದುದು ಒಳ್ಳೆಯದಾಯಿತು.)

ಇದೆಲ್ಲ ಗೊತ್ತಿದ್ದುದರಿಂದ ಎರಡನೆಯ ಸಲ ಆಡುವಾಗ ಔತಣಕ್ಕೆ ಮೊದಲೇ ಆ ಸೋದರನನ್ನು ಬಂಧಿಸಿದೆ. ‘ಅರಸ ಸುರಕ್ಷಿತ’ ಎಂದು ಬಂತು. ನಗಾರಿ ಬಾರಿಸಲಿಲ್ಲ, ಯಾರೂ ಸಾಯಲಿಲ್ಲ; ಹಾಗಾಗಿ ಆ ಕಥೆಯೊಳಗೆ ಅವನು ಏನೂ ಮಾಡದೆ ಕತ್ತಲೆಕೋಣೆಯಲ್ಲಿ ಕೊಳೆಯುತ್ತಿರುವ ಮನುಷ್ಯ. ಅವನು ನಿಜಕ್ಕೂ ಕಠಾರಿ ಹಿಡಿಯುತ್ತಿದ್ದನೇ ಎಂದು ಹೇಳಲು ನಿನ್ನ ಯಾವ ಪುಟದಲ್ಲೂ ಸಾಕ್ಷಿ ಉಳಿದಿಲ್ಲ.

ಮುಂದಿನದನ್ನು ಎಲ್ಲರೂ ಓದುವ ಪತ್ರದಲ್ಲಿ ಬರೆಯಬೇಕೆಂದುಕೊಂಡಿರಲಿಲ್ಲ. ಆಸ್ತಿ ಪಾಲಾದಂದಿನಿಂದ ಮಾತು ನಿಂತಿದ್ದ ನನ್ನ ತಮ್ಮ ಮೊನ್ನೆ ಹೆಂಡತಿಯೊಡನೆ ಬಂದು, ಅಕ್ಷತೆ ಕೊಟ್ಟು, ಗೃಹಪ್ರವೇಶಕ್ಕೆ ಕರೆದು ಹೋದ. ಅವರು ಮೆಟ್ಟಿಲು ಇಳಿಯುವ ಮೊದಲೇ ನನ್ನ ಮನಸ್ಸು, ಇವನಿಗೆ ಈಗ ನನ್ನ ನೆನಪೇಕೆ, ಯಾವ ಕಾಗದಕ್ಕೆ ನನ್ನ ಸಹಿ ಬಾಕಿಯಿದೆ ಎಂದು ಹುಡುಕತೊಡಗಿತ್ತು. ಅದನ್ನು ನಿನ್ನ ಆಟ ಕಲಿಸಿದ್ದಲ್ಲ, ಮೊದಲಿನಿಂದಲೂ ನನ್ನಲ್ಲಿದ್ದದ್ದೇ. ಅದಕ್ಕೆ ಅಂಕ ಸಿಗುವುದನ್ನು ಕಂಡಾಗ ಮಾತ್ರ ಭಯವಾಯಿತು. ನನ್ನನ್ನು ನಾನು ಇಷ್ಟು ಕಾಯ್ದುಕೊಂಡು ಉಳಿಸಿಕೊಳ್ಳುತ್ತಿರುವುದಾದರೂ ಏನನ್ನು?

ಇರಲಿ, ಇದು ಭಾರವಾಯಿತು. ಗೃಹಪ್ರವೇಶಕ್ಕಂತೂ ಹೋಗುತ್ತೇನೆ, ನಾದಿನಿಯ ಕೈಯ ಹೋಳಿಗೆಯ ರುಚಿ ನಿನಗೂ ಗೊತ್ತಿದೆಯಲ್ಲ.

ಒಂದು ಕೋರಿಕೆ: ಅಂಕವನ್ನು ತೆಗೆದುಹಾಕಿ, ಅಂಗರಕ್ಷಕ ಅವಿತಿದ್ದ ಆ ಮೂಲೆಗೆ ಹೆಚ್ಚು ಪುಟಗಳನ್ನು ಕೊಡು. ಈಗ ಅಲ್ಲಿರುವುದು ‘ಹೊರಗೆ ಬಾ’ ಎಂಬ ಒಂದೇ ಕೊಂಡಿ. ಅವನು ಎಷ್ಟು ಹೊತ್ತು ಅಲ್ಲಿ ಅವಿತಿದ್ದ, ಏನು ಕೇಳಿಸಿಕೊಂಡ, ಹೊರಬರದೆ ಉಳಿದಿದ್ದರೆ ಆಮೇಲೆ ಹೇಗೆ ಬದುಕುತ್ತಿದ್ದ ಎಂಬುದನ್ನೂ ನಾನು ಆಡಿ ನೋಡಬೇಕು. ಹೊಸ ಕರಡನ್ನು ಭಾನುವಾರದೊಳಗೆ ಕಳುಹಿಸು.

ನಿನ್ನ,
ಗೆಳೆಯ