ನಡಿಗೆದಾರಿಯ ಒಣಮರ ಕಡಿಯಬೇಡಿ

ಮಾನ್ಯ ಸಂಪಾದಕರೇ,

ಮಲೆನಾಡಿನಲ್ಲಿ ಕಾಡಂಚಿನ ನಡಿಗೆದಾರಿಗಳನ್ನು ಚೊಕ್ಕಟ ಮಾಡಲು ಹೊರಟಾಗ ಮೊದಲ ಕೊಡಲಿ ಪೆಟ್ಟು ಬೀಳುವುದೇ ಒಣಮರಕ್ಕೆ. ಶಿವರಾತ್ರಿಯಿಂದ ಯುಗಾದಿ ಕಳೆಯುವವರೆಗೂ ಆ ಮರದಲ್ಲೇ ಹಕ್ಕಿಗಳ ಬಾಣಂತನ. ಕುಟ್ರುಹಕ್ಕಿಗೆ ಗಟ್ಟಿಮರ ಕೊರೆಯುವ ಕೊಕ್ಕಿಲ್ಲ, ಲಡ್ಡಾಗಿ ಕೊಳೆತು ಮೆತ್ತಗಾದ ಕೊಂಬೆಯೇ ಬೇಕು. ಒಂದು ಪೊಟರೆಗೆ ಸುಮಾರು 20 ದಿನದ ದುಡಿಮೆ. ಅದು ಬಿಟ್ಟ ಪೊಟರೆಗೆ ಮುಂದೆ ಮಡಿವಾಳ ಹಕ್ಕಿಯೋ ಗಿಳಿಯೋ ಬಂದು ಸೇರುತ್ತದೆ.

ಕಡಿಯುವ ಮೊದಲು ಬುಡ ನೋಡಿ. ದರಗಿನ (ಉದುರಿದ ಒಣ ಎಲೆಗಳ) ಮೇಲೆ ಮರದ ಹೊಸ ಚೂರು, ಹುಡಿ ಉದುರಿದ್ದರೆ ತಲೆಯೆತ್ತಿ ಕೊಂಬೆಯ ಕೆಳಮೈ ಹುಡುಕಿ. ಹೊಸ ತೂತಿನ ಅಂಚು ಬೆಳ್ಳಗಿರುತ್ತದೆ, ಹಳೆಯದು ಕಪ್ಪಗಾಗಿರುತ್ತದೆ. ದಾರಿಗೆ ವಾಲಿದ ಮರ ಅಪಾಯವೆಂಬುದು ನಿಜ. ಹಾಗಿದ್ದರೆ ದಾರಿಯನ್ನೇ ಹತ್ತಡಿ ಆಚೆ ಸರಿಸಬಹುದು. ಆಗದಿದ್ದರೆ ಮಳೆಗಾಲ ಮುಗಿದ ಮೇಲೆ ಮೇಲಿನ ಕೊಂಬೆ ಮಾತ್ರ ಇಳಿಸಿ 15 ಅಡಿ ಬೊಡ್ಡೆ ಉಳಿಸಬಹುದು.

ಹಕ್ಕಿ ನೋಡಲು ವಸಂತದಲ್ಲಿ ಮಂಡಗದ್ದೆಗೆ ಹೋದವರಿಗೆ ನಿರಾಸೆಯೇ; ಅಲ್ಲಿನ ತುಂಗೆಯ ನಡುಗಡ್ಡೆ ಬೆಳ್ಳಕ್ಕಿಗಳಿಂದ ತುಂಬುವುದು ಮಳೆಗಾಲದಲ್ಲಿ. ವಸಂತಕ್ಕೆ ಒಂದು ಕಿಲೋಮೀಟರ್ ಕಾಡುದಾರಿ ಸಾಕು. ಬೆಳಿಗ್ಗೆ ಆರೂವರೆಗೆ ಹೊರಟು ಎರಡು ಗಂಟೆ ನಿಧಾನ ನಡೆಯಿರಿ. ಎಲೆ ಉದುರಿ ಹೂ ಬಿಟ್ಟ ಬೂರುಗ ಸಿಕ್ಕರೆ ಬಿಸಿಲು ಬೆನ್ನಿಗೆ ಬರುವಂತೆ ನಿಂತುಬಿಡಿ. ಕಾಜಾಣ, ಮೈನಾ, ಸೂರಕ್ಕಿ, ಎಲೆಹಕ್ಕಿ ಒಂದರ ಹಿಂದೊಂದು ಅಲ್ಲಿಗೇ ಬರುತ್ತವೆ. ದುರ್ಬೀನು 8×42 ಇರಲಿ, ಅಂದರೆ 8 ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನದು. 12 ಪಟ್ಟು ಹಿಗ್ಗಿಸುವುದನ್ನು ಹಿಡಿದರೆ ಕೈನಡುಕವೂ ಅಷ್ಟೇ ಹಿಗ್ಗಿ ಹಕ್ಕಿ ಕುಣಿಯುತ್ತದೆ. ಹಕ್ಕಿಯ ಮೇಲಿಟ್ಟ ಕಣ್ಣು ಕೀಳದೆ ದುರ್ಬೀನನ್ನು ಕಣ್ಣಿಗೆ ತನ್ನಿ. ಕತ್ತು ಬಗ್ಗಿಸಿ ದುರ್ಬೀನು ಹುಡುಕಿದರೆ ಮತ್ತೆ ಕೊಂಬೆ ಸಿಗುವುದಿಲ್ಲ.

ಇದೇ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಅದು ಮೊದಲು ಗೊತ್ತಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಉಣುಗು ತಡೆಯುವ ತೈಲ ಹಚ್ಚಿಕೊಳ್ಳಿ. ದರಗಿನ ಮೇಲೆ ಕೂರಬೇಡಿ. ಮನೆಗೆ ಬಂದವರೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದಂತೂ ಈ ದಿನಗಳಲ್ಲಿ ಕೂಡದು. ಎದುರಾಳಿ ಬಂದನೆಂದು ಗಂಡು ಜಗಳಕ್ಕೆ ಹಾರುತ್ತದೆ, ಅಷ್ಟು ಹೊತ್ತು ಮರಿಗೆ ಗುಟುಕು ತಪ್ಪುತ್ತದೆ. ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡ ಹಕ್ಕಿ ಪೊಟರೆಗೆ ಹೋಗದೆ ಪಕ್ಕದ ಕೊಂಬೆಯಲ್ಲೇ ಕೂತು ನಿಮ್ಮನ್ನು ನೋಡುತ್ತಿದ್ದರೆ ನೀವು ತೀರಾ ಹತ್ತಿರ ಹೋಗಿದ್ದೀರಿ. ಅದು ಒಳಗೆ ಹೋಗುವವರೆಗೆ ಹಿಂದೆ ಸರಿಯುತ್ತಾ ಬನ್ನಿ.

– ಪಕ್ಷಿ ವೀಕ್ಷಕರು, ತೀರ್ಥಹಳ್ಳಿ